ಉಳಿಸಿ ಕೊರೆದ ಉಕ್ಕು

ಮನೆಯ ಟಿ.ವಿ. ರಿಮೋಟನ್ನು ಕೈಗೆತ್ತಿಕೊಂಡು ಅದರ ಪಕ್ಕೆಯ ಉದ್ದಕ್ಕೂ ಉಗುರು ಎಳೆದು ನೋಡಿ. ಮೇಲ್ಕವಚದ ಅಂಚಿನಲ್ಲಿ, ಕೆಳಕವಚ ಕೂಡುವ ಕಡೆ, ಕಣ್ಣಿಗೆ ಅಷ್ಟಾಗಿ ಕಾಣದ, ಉಗುರಿಗೆ ಮಾತ್ರ ತಿಳಿಯುವ ಗೆರೆಯೊಂದಿದೆ. ಬ್ಯಾಟರಿ ಮುಚ್ಚಳ ಜಾರಿಸಿ ತೆಗೆದು ಅದರ ಒಳಮೈ ನೋಡಿದರೆ ಮೂರು ನಾಲ್ಕು ಮಿಲಿಮೀಟರ್ ಅಗಲದ ವೃತ್ತಗಳು ಕಾಣುತ್ತವೆ. ಎಲ್ಲೋ ಒಂದು ಕಡೆ ಏನನ್ನೋ ಮುರಿದು ತೆಗೆದಂಥ ಒರಟು ಚುಕ್ಕೆ. ಕೆಲವು ರಿಮೋಟುಗಳಲ್ಲಿ ಒಂದರಿಂದ ಹನ್ನೆರಡರವರೆಗಿನ ಅಂಕಿಗಳ ಪುಟ್ಟ ಚಕ್ರವೂ ನಡುವೆ ಬಾಣವೂ ಇರುತ್ತವೆ. ಆ ಕವಚ ಯಾವ ತಿಂಗಳು ತಯಾರಾಯಿತು ಎಂಬುದನ್ನು ಬಾಣ ತೋರಿಸುತ್ತದೆ. ಇವೆಲ್ಲ ಉಕ್ಕಿನ ಅಚ್ಚೊಂದು ಪ್ಲಾಸ್ಟಿಕ್ಕಿನ ಮೇಲೆ ಬಿಟ್ಟುಹೋದ ಗುರುತುಗಳು. ಕಾರ್ಖಾನೆಗಳಲ್ಲಿ ಅಚ್ಚನ್ನು ಮೋಲ್ಡ್ ಎನ್ನುತ್ತಾರೆ, ಅದು ಹುಟ್ಟುವ ಜಾಗವನ್ನು ಟೂಲ್ ರೂಮ್ ಎನ್ನುತ್ತಾರೆ, ಅದನ್ನು ಮಾಡುವವರು ಟೂಲ್‌ಮೇಕರ್‌ಗಳು. ಹೊಸ ವಸ್ತು ಎಷ್ಟು ಬೇಗ ಅಂಗಡಿಗೆ ಬರುತ್ತದೆ, ಬರುವಾಗ ಯಾವ ರೂಪದಲ್ಲಿರುತ್ತದೆ ಎಂಬೆರಡನ್ನೂ ಬಹುಮಟ್ಟಿಗೆ ತೀರ್ಮಾನಿಸುವುದು ಇವರ ಕೆಲಸ.

ರಿಮೋಟ್, ಮಿಕ್ಸಿ, ಸ್ವಿಚ್ಚು, ರಕ್ತದ ಸಕ್ಕರೆ ಅಳೆಯುವ ಮೀಟರು, ಹೀಗೆ ಪ್ಲಾಸ್ಟಿಕ್ ಮೈಯಿರುವ ಯಾವುದೇ ವಸ್ತುವಿನ ತಯಾರಿಯಲ್ಲಿ ಅತಿ ದೀರ್ಘ ಕಾಯುವಿಕೆ ಸಾಮಾನ್ಯವಾಗಿ ಅಚ್ಚಿನದು. ಒಳಗಿನ ಸರ್ಕ್ಯೂಟ್ ಬೋರ್ಡಿನ ಮಾದರಿ ಕೆಲವೇ ದಿನಗಳಲ್ಲಿ ಬರಬಹುದು, ತಂತ್ರಾಂಶವನ್ನು ಕೊನೆಯ ಗಳಿಗೆಯಲ್ಲೂ ತಿದ್ದಬಹುದು. ಅಚ್ಚಿಗೆ ಮಾತ್ರ ಆರರಿಂದ ಹತ್ತು ವಾರ ಬೇಕು, ಕಷ್ಟದ ಆಕಾರವಾದರೆ ಇನ್ನೂ ಹೆಚ್ಚು. ಅದು ಮುಗಿಯುವವರೆಗೆ ನಿಜವಾದ ಕವಚವಿಲ್ಲ. ಕವಚವಿಲ್ಲದೆ ಬೀಳಿಸಿ ನೋಡುವ ಪರೀಕ್ಷೆಯಿಲ್ಲ, ಪ್ರಮಾಣಪತ್ರವಿಲ್ಲ, ಜೋಡಣೆಯ ಸಾಲೂ ಶುರುವಾಗುವುದಿಲ್ಲ. ದೀಪಾವಳಿಗೆ ಅಂಗಡಿಯಲ್ಲಿರಬೇಕಾದ ವಸ್ತುವಿನ ದಿನಾಂಕವನ್ನು ಮಾರಾಟ ವಿಭಾಗ ಗೋಡೆಯ ಮೇಲೆ ಬರೆಯಬಹುದು. ಆ ದಿನಾಂಕ ನಿಲ್ಲುತ್ತದೋ ಇಲ್ಲವೋ ಎಂಬುದು ತಿಳಿಯುವುದು ಟೂಲ್ ರೂಮಿನಲ್ಲಿ.

ತಡಕ್ಕೆ ತೆರುವ ಬೆಲೆ ಎಷ್ಟು? ಮೆಕಿನ್ಸಿ ಸಲಹಾ ಸಂಸ್ಥೆಯಲ್ಲಿದ್ದ ಡೊನಾಲ್ಡ್ ರೀನರ್ಟ್‌ಸನ್ 1983ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ಬೇಗ ಬೆಳೆಯುತ್ತಿರುವ ಮಾರುಕಟ್ಟೆ, ವರ್ಷ ವರ್ಷ ಇಳಿಯುವ ಬೆಲೆ, ಐದು ವರ್ಷದ ಆಯುಸ್ಸು ಇರುವ ವಸ್ತುವೊಂದನ್ನು ಅವರು ಊಹಿಸಿಕೊಂಡರು. ಅದು ಆರು ತಿಂಗಳು ತಡವಾಗಿ ಬಂದರೆ ಒಟ್ಟು ಲಾಭದ ಸುಮಾರು ಮೂರನೇ ಒಂದು ಭಾಗ ಹೋಗುತ್ತದೆ. ಸಮಯಕ್ಕೆ ಬಂದು, ಅಭಿವೃದ್ಧಿಯ ಖರ್ಚು ಶೇ. 50ರಷ್ಟು ಮೀರಿದರೆ ಹೋಗುವುದು ಶೇ. 4ರ ಆಸುಪಾಸು ಮಾತ್ರ. ನಿಧಾನವಾಗಿ ಬೆಳೆಯುವ ಮಾರುಕಟ್ಟೆಗೆ ಈ ಅಂಕಿ ಹೊಂದುವುದಿಲ್ಲ. ಆದರೆ ಎಲೆಕ್ಟ್ರಾನಿಕ್ಸ್ ಕಂಪನಿಗಳು ಈ ಲೆಕ್ಕವನ್ನು ಗಂಭೀರವಾಗಿ ತೆಗೆದುಕೊಂಡವು. ಟೂಲ್ ರೂಮಿಗೆ ಹೆಚ್ಚು ಹಣ ಕೊಟ್ಟಾದರೂ ವಾರಗಳನ್ನು ಉಳಿಸುವುದು ಲಾಭ ಎಂಬ ಯೋಚನೆ ಬಲವಾಗಿ ಬೇರೂರಿತು. ವಾರಗಳು ಎಲ್ಲಿ ಉಳಿಯುತ್ತವೆ ಎಂಬುದನ್ನು ತಿಳಿಯಲು ಅಚ್ಚಿನ ಕೆಲಸವನ್ನೇ ಹಂತ ಹಂತವಾಗಿ ನೋಡಬೇಕು.

ಅದಕ್ಕೆ ಮೊದಲು ಆ ಕೆಲಸ ಕಲಿತ ಕೈಗಳ ಬಗ್ಗೆ ಎರಡು ಮಾತು. ಕರ್ನಾಟಕಕ್ಕೆ ಈ ಕಸುಬು ಹೊಸದೇನಲ್ಲ. ಬೆಂಗಳೂರಿನಲ್ಲಿ 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಹುಟ್ಟಿದವು. ಪ್ರತಿಯೊಂದಕ್ಕೂ ತನ್ನದೇ ಟೂಲ್ ರೂಮ್ ಇತ್ತು, ಅಲ್ಲಿ ಪಳಗಿದ ಕೈಗಳಿದ್ದವು. 1972ರಲ್ಲಿ ಡೆನ್ಮಾರ್ಕಿನ ನೆರವಿನೊಂದಿಗೆ ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ ಶುರುವಾಯಿತು. ಜಿಟಿಟಿಸಿ ಎಂದೇ ಜನ ಕರೆಯುವ ಈ ಸಂಸ್ಥೆಗೆ ಈಗ ರಾಜ್ಯದಾದ್ಯಂತ ಮೂವತ್ತಕ್ಕೂ ಹೆಚ್ಚು ಕೇಂದ್ರಗಳಿವೆ. ಕೇರಳದ ನೆಟ್ಟೂರಿನಲ್ಲಿ 1959ರಲ್ಲಿ ಆರಂಭವಾದ ಎನ್‌ಟಿಟಿಎಫ್ ತರಬೇತಿ ಸಂಸ್ಥೆ ಇಂದು ಬೆಂಗಳೂರಿನ ಪೀಣ್ಯದಿಂದ ನಡೆಯುತ್ತಿದೆ. ಜಿಟಿಟಿಸಿಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ನಾಲ್ಕು ವರ್ಷದ್ದು: ಮೂರು ವರ್ಷ ಸಂಸ್ಥೆಯಲ್ಲಿ ಕಲಿಕೆ, ಒಂದು ವರ್ಷ ಕಾರ್ಖಾನೆಯಲ್ಲಿ. ಕಲಿಯುವವರ ಕೈಗೆ ಮೊದಲು ಬರುವುದು ಅರ. ಉಕ್ಕಿನ ತುಂಡೊಂದನ್ನು ಬೆಂಚ್ ವೈಸಿಗೆ ಕಚ್ಚಿಸಿ, ಮೈ ಸಮವಾಗುವ ತನಕ, ಮೂಲೆ ನೆಟ್ಟಗಾಗುವ ತನಕ ಉಜ್ಜುತ್ತಾರೆ. ಎಷ್ಟು ತೆಗೆದರೆ ಎಷ್ಟು ಹೋಯಿತು ಎಂಬ ಅಂದಾಜು ಬೆರಳಿಗೆ ಬರುವುದು ಅಲ್ಲಿಯೇ. ಮುಂದೆ ಕಂಪ್ಯೂಟರ್ ನಡೆಸುವ ಯಂತ್ರಗಳ ಮುಂದೆ ನಿಂತಾಗಲೂ ಈ ಅಂದಾಜು ಕೈಬಿಡುವುದಿಲ್ಲ.

ಈಗ ನಮ್ಮ ರಿಮೋಟಿನ ಮೇಲ್ಕವಚವನ್ನೇ ತೆಗೆದುಕೊಳ್ಳೋಣ. ವಿನ್ಯಾಸಕರು ಕಂಪ್ಯೂಟರಿನಲ್ಲಿ ಅದರ ಆಕಾರ ಬರೆದು ಕಳಿಸಿದ್ದಾರೆ. ಉದ್ದ 150 ಮಿಲಿಮೀಟರ್, ಗೋಡೆಯ ದಪ್ಪ 2 ಮಿಲಿಮೀಟರ್, ಪ್ಲಾಸ್ಟಿಕ್ಕು ಎಬಿಎಸ್. ಅಚ್ಚಿನ ವಿನ್ಯಾಸ ಮಾಡುವವರು ಮೊದಲು ಕೇಳುವ ಪ್ರಶ್ನೆ, ಇದು ತಣ್ಣಗಾಗುವಾಗ ಎಷ್ಟು ಕುಗ್ಗುತ್ತದೆ? ಎಬಿಎಸ್ ಸುಮಾರು ಶೇ. 0.5ರಷ್ಟು ಕುಗ್ಗುತ್ತದೆ. ಹಾಗಾಗಿ ಅಚ್ಚಿನೊಳಗಿನ ಉದ್ದ 150.75 ಮಿಲಿಮೀಟರ್ ಇರಬೇಕು. ಬಕೆಟ್ಟು, ಡಬ್ಬಿಗಳಿಗೆ ಬಳಸುವ ಪಾಲಿಪ್ರೊಪಿಲೀನ್ ಇದರ ಮೂರು ಪಟ್ಟು ಕುಗ್ಗಬಹುದು. ಆದ್ದರಿಂದ ಅಚ್ಚು ಮುಗಿದ ಮೇಲೆ ಪ್ಲಾಸ್ಟಿಕ್ಕನ್ನು ಬದಲಿಸುತ್ತೇವೆ ಎಂದರೆ ಅಚ್ಚನ್ನೇ ಬದಲಿಸಿದಂತೆ. ಯಾವ ಪ್ಲಾಸ್ಟಿಕ್ಕು ಎಂಬುದು ಮೊದಲ ದಿನವೇ ತೀರ್ಮಾನವಾಗಬೇಕಾದ ಸಂಗತಿ.

ಎರಡನೆಯ ಪ್ರಶ್ನೆ, ಅಚ್ಚು ಎಲ್ಲಿ ಬಿಚ್ಚಿಕೊಳ್ಳಬೇಕು? ಅಚ್ಚಿಗೆ ಎರಡು ಅರ್ಧಗಳಿವೆ. ಕವಚದ ಹೊರಮೈಯನ್ನು ರೂಪಿಸುವ ಗುಳಿಯ ಭಾಗ ಕ್ಯಾವಿಟಿ, ಒಳಮೈಯನ್ನು ರೂಪಿಸುವ ಉಬ್ಬಿನ ಭಾಗ ಕೋರ್. ಇವೆರಡೂ ಮುಚ್ಚಿಕೊಂಡಾಗ ನಡುವೆ ಉಳಿಯುವ 2 ಮಿಲಿಮೀಟರ್ ಸಂದಿಯೇ ಕವಚ. ಅವು ಕೂಡುವ ಗೆರೆಗೆ ಪಾರ್ಟಿಂಗ್ ಲೈನ್ ಎನ್ನುತ್ತಾರೆ. ಉಗುರಿಗೆ ಸಿಕ್ಕ ಗೆರೆ ಅದೇ. ಅದನ್ನು ಕಣ್ಣು ಬೀಳದ ಅಂಚಿಗೆ ಸರಿಸುವುದು ವಿನ್ಯಾಸಕರ ಆಸೆ, ಸುಲಭವಾಗಿ ಕೊರೆಯಬಲ್ಲ ಸಮತಲದಲ್ಲಿ ಇಡುವುದು ಟೂಲ್‌ಮೇಕರರ ಆಸೆ. ಮೂರನೆಯದು ಡ್ರಾಫ್ಟ್, ಅಂದರೆ ಗೋಡೆಗಳಿಗೆ ಕೊಡುವ ಸಣ್ಣ ಓರೆ. ಗೋಡೆ ಪೂರ್ತಿ ನೆಟ್ಟಗಿದ್ದರೆ ಕುಗ್ಗಿದ ಪ್ಲಾಸ್ಟಿಕ್ಕು ಕೋರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಹೊರಗೆ ತಳ್ಳುವಾಗ ಗೀಚುತ್ತದೆ. ಒಂದು ಡಿಗ್ರಿ ಓರೆಯಿದ್ದರೆ ಸಲೀಸಾಗಿ ಬಿಡುತ್ತದೆ. ಆ ಒಂದು ಡಿಗ್ರಿಯನ್ನು ಆಮೇಲೆ ಸೇರಿಸಲು ಹೋದರೆ ಒಳಗಿನ ಬೋರ್ಡಿನ ಜಾಗವೇ ಬದಲಾಗುತ್ತದೆ. ಈ ಮಾತುಗಳೆಲ್ಲ ನಡೆಯಬೇಕಾದ್ದು ಒಂದು ಚೂರು ಉಕ್ಕನ್ನೂ ಕತ್ತರಿಸುವ ಮೊದಲು. ಕಂಪನಿಯವರು, ವಿನ್ಯಾಸಕರು, ಟೂಲ್ ರೂಮಿನವರು ಒಂದೇ ಮೇಜಿನ ಸುತ್ತ ಕೂತು ಕಳೆಯುವ ಎರಡು ದಿನ ಮುಂದೆ ಎರಡು ವಾರಗಳನ್ನು ಉಳಿಸಬಲ್ಲದು.

ಹಾಗೆಂದು ಎಲ್ಲವೂ ಮೊದಲೇ ತೀರ್ಮಾನವಾಗಲಿ ಎಂದು ಕಾಯುತ್ತ ಕೂತರೂ ಹೊತ್ತು ಹೋಗುತ್ತದೆ. ಈ ವಿಷಯದಲ್ಲಿ ದೊಡ್ಡ ಪಾಠ ಬಂದದ್ದು ಜಪಾನಿನ ಕಾರು ಕಾರ್ಖಾನೆಗಳಿಂದ. ಅಲ್ಲಿನದು ಪ್ಲಾಸ್ಟಿಕ್ಕಿನ ಅಚ್ಚಲ್ಲ, ಕಾರಿನ ಮೈತಗಡನ್ನು ಒತ್ತಿ ರೂಪ ಕೊಡುವ ಡೈ. ಅಮೆರಿಕದ ಎಂಐಟಿಯ ಅಧ್ಯಯನವೊಂದನ್ನು ಆಧರಿಸಿ ಜೇಮ್ಸ್ ವೊಮ್ಯಾಕ್, ಡೇನಿಯಲ್ ಜೋನ್ಸ್, ಡೇನಿಯಲ್ ರೂಸ್ 1990ರಲ್ಲಿ ಪ್ರಕಟಿಸಿದ ‘ದ ಮೆಷಿನ್ ದಟ್ ಚೇಂಜ್ಡ್ ದ ವರ್ಲ್ಡ್’ ಪುಸ್ತಕದಲ್ಲಿ ಇದರ ಅಂಕಿಗಳಿವೆ. ಡೈ ತಯಾರಿಗೆ ಆಗ ಜಪಾನಿನಲ್ಲಿ ಸರಾಸರಿ ಸುಮಾರು 14 ತಿಂಗಳು, ಅಮೆರಿಕದಲ್ಲಿ 25, ಯೂರೋಪಿನಲ್ಲಿ 28. ಜಪಾನಿನ ಕೆಲಸಗಾರರು ಎರಡು ಪಟ್ಟು ಜೋರಾಗಿ ಕೊರೆಯುತ್ತಿರಲಿಲ್ಲ. ಪಶ್ಚಿಮದ ಕಾರ್ಖಾನೆಗಳಲ್ಲಿ ಕಾರಿನ ಮೈಯ ವಿನ್ಯಾಸ ಪೂರ್ತಿ ಮುಗಿದು, ರುಜು ಬಿದ್ದು, ಆಮೇಲೆ ಉಕ್ಕಿನ ಬ್ಲಾಕ್ ಆರ್ಡರ್ ಆಗುತ್ತಿತ್ತು. ಜಪಾನಿನಲ್ಲಿ ಡೈ ವಿನ್ಯಾಸಕರೂ ಮೈ ವಿನ್ಯಾಸಕರೂ ದಿನವೂ ಮಾತಾಡುತ್ತಿದ್ದರು. ಹೊಸ ಕಾರಿನ ಸುಮಾರಾದ ಅಳತೆ, ಎಷ್ಟು ತಗಡುಗಳು ಎಂಬುದು ಗೊತ್ತಾದ ಕೂಡಲೇ ಬ್ಲಾಕ್ ತರಿಸಿ, ಒರಟು ಕೊರೆತ ಶುರು ಮಾಡುತ್ತಿದ್ದರು. ಕೊನೆಯ ಅಳತೆ ಬಂದಾಗ ಉಳಿದಿರುತ್ತಿದ್ದುದು ಕೊನೆಯ ಕೊರೆತ ಮಾತ್ರ.

ಇದರಲ್ಲಿ ಧೈರ್ಯ ಬೇಕು, ಧೈರ್ಯಕ್ಕಿಂತ ಹೆಚ್ಚಾಗಿ ತಿಳಿವಳಿಕೆ ಬೇಕು. ವಿನ್ಯಾಸ ಎಲ್ಲಿ ಬದಲಾಗಬಹುದು, ಎಲ್ಲಿ ಬದಲಾಗಲಾರದು ಎಂಬುದನ್ನು ಮೊದಲೇ ಊಹಿಸಬಲ್ಲ ಡೈ ತಯಾರಕರಿಗೆ ಮಾತ್ರ ಮುಂಚಿತವಾಗಿ ಕೈ ಹಾಕಲು ಸಾಧ್ಯ. ರಿಮೋಟಿನ ಅಚ್ಚಿನಲ್ಲೂ ಹೀಗೆಯೇ. ಹೊರ ಅಳತೆ ಗಟ್ಟಿಯಾದರೆ ಸಾಕು, ಉಕ್ಕು ತರಿಸಬಹುದು. ಗುಂಡಿಗಳ ಜಾಗ ಇನ್ನೂ ಚರ್ಚೆಯಲ್ಲಿರಲಿ. ಅಚ್ಚನ್ನು ಹೊರುವ ಚೌಕಟ್ಟಾದ ಮೋಲ್ಡ್ ಬೇಸನ್ನು ಈಗ ಸಾಮಾನ್ಯವಾಗಿ ಯಾರೂ ಸೊನ್ನೆಯಿಂದ ಮಾಡುವುದಿಲ್ಲ. ಅಮೆರಿಕದ ಡೆಟ್ರಾಯಿಟಿನಲ್ಲಿ 1942ರಲ್ಲಿ ಹುಟ್ಟಿದ ಡಿಎಂಇ ಕಂಪನಿ ನಿಗದಿತ ಅಳತೆಗಳ ಸಿದ್ಧ ಚೌಕಟ್ಟುಗಳನ್ನು ಮಾರುವ ರೂಢಿ ತಂದಿತು. ಫಲಕಗಳು, ಕಂಬಗಳು, ಬುಷ್‌ಗಳು ಪಟ್ಟಿ ನೋಡಿ ಕೊಳ್ಳುವ ವಸ್ತುಗಳಾದ ಮೇಲೆ ಟೂಲ್‌ಮೇಕರ್ ತನ್ನ ಸಮಯವನ್ನೆಲ್ಲ ಕ್ಯಾವಿಟಿ ಮತ್ತು ಕೋರಿಗೆ ಕೊಡುವಂತಾಯಿತು.

ಯಾವ ಉಕ್ಕು ಎಂಬ ಆಯ್ಕೆಯೂ ಕಾಲದ ಲೆಕ್ಕವೇ. ಪಿ-20 ಎಂಬ ಉಕ್ಕು ಬರುವಾಗಲೇ ತಕ್ಕಮಟ್ಟಿಗೆ ಗಟ್ಟಿಯಾಗಿರುತ್ತದೆ. ನೇರವಾಗಿ ಕೊರೆದು ಮುಗಿಸಬಹುದು. ಎಚ್-13 ಉಕ್ಕನ್ನು ಮೊದಲು ಒರಟಾಗಿ ಕೊರೆದು, ಕುಲುಮೆಗೆ ಕಳಿಸಿ ಹದ ಹಾಕಿಸಿ, ಮತ್ತೆ ಕೊರೆಯಬೇಕು. ಹದ ಹಾಕುವಾಗ ಕೂದಲೆಳೆಯಷ್ಟು ಸೊಟ್ಟಗಾದರೂ ತಿದ್ದಬೇಕು. ಆದರೆ ಗಾಜಿನ ನಾರು ಬೆರೆಸಿದ ಪ್ಲಾಸ್ಟಿಕ್ಕು ಅಚ್ಚನ್ನು ಸವೆಸುವಾಗ ತಡೆದು ನಿಲ್ಲುವುದು ಎಚ್-13. ಕೆಲವೇ ಸಾವಿರ ಕವಚ ಸಾಕು, ಆದರೆ ಬೇಗ ಬೇಕು ಎನ್ನುವವರಿಗೆ ಅಲ್ಯೂಮಿನಿಯಂ ಅಚ್ಚಿದೆ. ಅದು ಉಕ್ಕಿಗಿಂತ ಎಷ್ಟೋ ಬೇಗ ಕೊರೆದು ಮುಗಿಯುತ್ತದೆ.

ಕೊರೆತ ಶುರುವಾಗುವುದು ಮಿಲ್ಲಿಂಗ್ ಯಂತ್ರದಲ್ಲಿ. ತಿರುಗುವ ಕಟ್ಟರ್ ಪದರ ಪದರವಾಗಿ ಉಕ್ಕನ್ನು ತೆಗೆಯುತ್ತ ಹೋಗುತ್ತದೆ, ಮೊದಲು ದೊಡ್ಡ ಕಟ್ಟರ್, ಆಮೇಲೆ ಚಿಕ್ಕದು, ಇನ್ನೂ ಚಿಕ್ಕದು. ಆದರೆ ತಿರುಗುವ ಕಟ್ಟರ್ ಗುಳಿಯ ಒಳಮೂಲೆಯನ್ನು ಚೂಪಾಗಿ ಕೊರೆಯಲಾರದು. ತನ್ನ ಅರ್ಧ ಅಗಲದಷ್ಟು ದುಂಡನ್ನು ಅಲ್ಲಿ ಬಿಟ್ಟೇ ಬಿಡುತ್ತದೆ. ಚೂಪು ಮೂಲೆ, ಆಳವಾದ ಕಿರಿದಾದ ಸೀಳು ಬೇಕೆಂದರೆ ಇಡಿಎಂ ಯಂತ್ರಕ್ಕೆ ಹೋಗಬೇಕು. ಟೂಲ್ ರೂಮಿನಲ್ಲಿ ಇದನ್ನು ಸ್ಪಾರ್ಕ್ ಎಂದಷ್ಟೇ ಹೇಳುತ್ತಾರೆ. ಬೇಕಾದ ಆಕಾರದ ಎಲೆಕ್ಟ್ರೋಡನ್ನು ತಾಮ್ರದಲ್ಲೋ ಗ್ರಾಫೈಟಿನಲ್ಲೋ ಮಾಡಿ, ಎಣ್ಣೆಯಲ್ಲಿ ಮುಳುಗಿದ ಉಕ್ಕಿನ ಹತ್ತಿರ ತಂದು, ನಡುವಿನ ಸಣ್ಣ ಸಂದಿಯಲ್ಲಿ ಸೆಕೆಂಡಿಗೆ ಸಾವಿರಾರು ಕಿಡಿ ಹಾರಿಸುತ್ತಾರೆ. ಪ್ರತಿ ಕಿಡಿಯೂ ಉಕ್ಕಿನ ಒಂದು ಕಣವನ್ನು ಕರಗಿಸಿ ಒಯ್ಯುತ್ತದೆ. ಸೋವಿಯತ್ ದೇಶದ ಬೋರಿಸ್ ಮತ್ತು ನಟಾಲ್ಯಾ ಲಜರೆಂಕೊ ದಂಪತಿ 1943ರಲ್ಲಿ ರೂಪಿಸಿದ ವಿಧಾನ ಇದು. ಅವರು ಹೊರಟಿದ್ದು ವಿದ್ಯುತ್ ಸಂಪರ್ಕದ ತುದಿಗಳು ಕಿಡಿಯಿಂದ ಸವೆಯುವುದನ್ನು ತಡೆಯಲು. ಸವೆತವನ್ನು ತಡೆಯುವ ಬದಲು ಅದನ್ನೇ ಹತೋಟಿಗೆ ತಂದು ಉಕ್ಕು ಕೊರೆಯುವ ಉಪಕರಣ ಮಾಡಿಕೊಂಡರು.

ಸ್ಪಾರ್ಕಿನ ಕೆಲಸ ಅದ್ಭುತ, ಆದರೆ ನಿಧಾನ. ಪ್ರತಿ ಮೂಲೆಗೂ ಬೇರೆ ಎಲೆಕ್ಟ್ರೋಡ್ ಕೊರೆಯಬೇಕು, ಒರಟಿಗೆ ಒಂದು, ನಯಕ್ಕೆ ಇನ್ನೊಂದು. ವಿನ್ಯಾಸಕರು ಪರದೆಯ ಮೇಲೆ ಕ್ಷಣದಲ್ಲಿ ಎಳೆದ ಚೂಪು ಮೂಲೆಯೊಂದು ಇಲ್ಲಿ ಒಂದು ದಿನ ತಿನ್ನಬಹುದು. ಅಮೆರಿಕದ ಮಿನೆಸೋಟದಲ್ಲಿ 1999ರಲ್ಲಿ ಪ್ರೋಟೋಮೋಲ್ಡ್ ಎಂಬ ಹೆಸರಿನಲ್ಲಿ ಶುರುವಾಗಿ ಈಗ ಪ್ರೋಟೋಲ್ಯಾಬ್ಸ್ ಆಗಿರುವ ಕಂಪನಿ ನಿಂತದ್ದು ಇದೇ ತಿಳಿವಿನ ಮೇಲೆ. ವಿನ್ಯಾಸದ ಕಡತ ಕಳಿಸಿದರೆ ಅವರ ತಂತ್ರಾಂಶವೇ ಅದನ್ನು ಪರೀಕ್ಷಿಸಿ, ಎಲ್ಲಿ ಓರೆ ಸಾಲದು, ಎಲ್ಲಿ ಕಟ್ಟರ್ ಹೋಗಲಾರದು ಎಂದು ತೋರಿಸುತ್ತದೆ. ಅವರ ಕಟ್ಟರ್ ಕೊರೆಯಬಲ್ಲ ಆಕಾರಕ್ಕೆ ಒಗ್ಗಿಕೊಂಡ ವಿನ್ಯಾಸಕ್ಕೆ ಅಲ್ಯೂಮಿನಿಯಂ ಅಚ್ಚು ಮಾಡಿ ದಿನಗಳ ಲೆಕ್ಕದಲ್ಲಿ ಪ್ಲಾಸ್ಟಿಕ್ ಭಾಗ ಕಳಿಸುತ್ತಾರೆ. ವೇಗ ಬೇಕೆಂದವರ ವಸ್ತುವಿಗೆ ದುಂಡು ಮೂಲೆ ಬರುತ್ತದೆ. ಹೊಸತನಕ್ಕೆ ವೇಗ ಹಾಕುವ ಗಡಿ ಹೀಗೆ ಕೈಗೆ ತಾಗುವಷ್ಟು ಸ್ಪಷ್ಟವಾಗಿರುತ್ತದೆ.

ಈ ಕಸುಬಿನಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಅಂಶಕ್ಕೆ ಈಗ ಬರುತ್ತೇನೆ. ಅಚ್ಚಿನಿಂದ ಉಕ್ಕನ್ನು ತೆಗೆಯುವುದು ಸುಲಭ, ಸೇರಿಸುವುದು ಕಷ್ಟ. ಹೆಚ್ಚು ಕೊರೆದುಹೋದ ಕಡೆ ವೆಲ್ಡಿಂಗ್ ಮಾಡಿ ತುಂಬಬಹುದು, ಆದರೆ ಅದರ ಕಾವಿಗೆ ಸುತ್ತಲಿನ ಉಕ್ಕಿನ ಗುಣ ಬದಲಾಗುತ್ತದೆ. ಮೈ ಹೊಳಪು ಮಾಡಿದಾಗ ತೇಪೆ ಕಾಣಬಹುದು. ಆದ್ದರಿಂದ ಅನುಮಾನವಿರುವಲ್ಲೆಲ್ಲ ಟೂಲ್‌ಮೇಕರ್ ಸ್ವಲ್ಪ ಉಕ್ಕನ್ನು ಉಳಿಸಿಯೇ ಕೊರೆಯುತ್ತಾರೆ. ಇದಕ್ಕೆ ಅವರ ಮಾತು ಸ್ಟೀಲ್ ಸೇಫ್, ಇಲ್ಲವೇ ಮೆಟಲ್ ಸೇಫ್. ಬೆಳೆಯುವ ಹುಡುಗನ ಅಂಗಿಗೆ ದರ್ಜಿ ಒಳಹೊಲಿಗೆಯಲ್ಲಿ ಎರಡು ಬೆರಳು ಬಟ್ಟೆ ಬಿಡುವ ಹಾಗೆ, ಮುಂದೆ ಬೇಕಾದೀತು ಎಂದು ತಿಳಿದೇ ಬಿಡುವ ಉಕ್ಕು ಇದು.

ಬ್ಯಾಟರಿ ಮುಚ್ಚಳವನ್ನೇ ನೋಡಿ. ಅದರ ತುದಿಯ ಕೊಕ್ಕೆ ಕವಚದ ತುಟಿಗೆ ಸಿಕ್ಕಿಕೊಂಡಾಗ ಕಟ್ ಎಂದು ಸದ್ದಾಗಬೇಕು. ತೀರ ಬಿಗಿಯಾದರೆ ಅಜ್ಜಿಯ ಕೈಗೆ ತೆರೆಯಲು ಬರುವುದಿಲ್ಲ, ಸಡಿಲವಾದರೆ ಕೆಳಗೆ ಬಿದ್ದಾಗ ಬ್ಯಾಟರಿ ಹೊರಗೆ ಹಾರುತ್ತದೆ. ಎಷ್ಟು ಬಿಗಿ ಇರಬೇಕೆಂದು ಕಂಪ್ಯೂಟರ್ ಹೇಳುವ ಅಂಕಿ ಹತ್ತಿರ ಬರುತ್ತದೆ, ಪೂರ್ತಿ ತಲುಪುವುದಿಲ್ಲ. ಅಚ್ಚಿನಲ್ಲಿ ಉಕ್ಕು ಕಡಿಮೆಯಾದಷ್ಟೂ ಪ್ಲಾಸ್ಟಿಕ್ಕು ಹೆಚ್ಚಾಗುತ್ತದೆ ಎಂಬುದನ್ನು ನೆನಪಿಡಿ. ಹಾಗಾಗಿ ಟೂಲ್‌ಮೇಕರ್ ಮೊದಲ ಸಲ ಕೊಕ್ಕೆಯನ್ನು ಬೇಕೆಂದೇ ಸಡಿಲ ಮಾಡುತ್ತಾರೆ. ಮೊದಲ ಮುಚ್ಚಳಗಳು ಗಡಗಡ ಅಲ್ಲಾಡುತ್ತವೆ. ಆಮೇಲೆ ಕೊಕ್ಕೆಯನ್ನು ರೂಪಿಸುವ ಜಾಗದಲ್ಲಿ 0.05 ಮಿಲಿಮೀಟರ್ ಉಕ್ಕು ತೆಗೆದು ಮತ್ತೆ ಹೊಡೆದು ನೋಡುತ್ತಾರೆ, ಇನ್ನೊಂದು ಸಲ ತೆಗೆಯುತ್ತಾರೆ, ಸದ್ದು ಸರಿಯಾಗುವವರೆಗೆ. ಸ್ಕ್ರೂ ಕೂರುವ ರಂಧ್ರವನ್ನು ಉಕ್ಕಿನ ಕಡ್ಡಿಯೊಂದು ರೂಪಿಸುತ್ತದೆ. ಆ ಕಡ್ಡಿಯನ್ನು ಮೊದಲು ದಪ್ಪಗಿಟ್ಟು, ಆಮೇಲೆ ಸಣ್ಣ ಮಾಡುತ್ತಾರೆ. ಎಲ್ಲಿ ಯಾವ ದಿಕ್ಕಿಗೆ ತಪ್ಪಿದರೆ ತಿದ್ದಲು ಬರುತ್ತದೆ ಎಂಬ ವಿವೇಚನೆ ಇಡೀ ಅಚ್ಚಿನಲ್ಲಿ ಹರಡಿಕೊಂಡಿರುತ್ತದೆ.

ಇನ್ನೂ ದೊಡ್ಡ ಬದಲಾವಣೆ ಬರಬಹುದಾದ ಜಾಗಗಳನ್ನು ಇನ್ಸರ್ಟ್ ಮಾಡುತ್ತಾರೆ, ಅಂದರೆ ಬಿಚ್ಚಿ ಬದಲಿಸಬಲ್ಲ ಬೇರೆ ತುಂಡು. ಗುಂಡಿಗಳ ರಂಧ್ರಗಳಿರುವ ಭಾಗ, ಕಂಪನಿಯ ಗುರುತಿರುವ ಭಾಗ, ಆ ತಿಂಗಳ ಚಕ್ರ, ಎಲ್ಲವೂ ಇನ್ಸರ್ಟ್. ಮಾರಾಟದವರು ಕೊನೆಯಲ್ಲಿ ಬಂದು ಇನ್ನೊಂದು ಗುಂಡಿ ಬೇಕು ಎಂದರೆ ಆ ತುಂಡನ್ನು ಮಾತ್ರ ಹೊಸದಾಗಿ ಮಾಡಿದರಾಯಿತು. ಒಂದೇ ಅಚ್ಚಿನಿಂದ ಬೇರೆ ಬೇರೆ ದೇಶಕ್ಕೆ ಬೇರೆ ಬೇರೆ ಗುಂಡಿಗಳ ರಿಮೋಟು ತೆಗೆಯುವುದೂ ಹೀಗೆಯೇ. ಕಂಪನಿಯ ಮುಂದಿನ ಎರಡು ಮೂರು ವರ್ಷದ ಉತ್ಪನ್ನ ಯೋಜನೆ ಏನು, ಯಾವುದು ಉಳಿಯುತ್ತದೆ, ಯಾವುದು ಬದಲಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಅದರ ಅಚ್ಚಿನಲ್ಲಿ ಇನ್ಸರ್ಟ್ ಎಲ್ಲೆಲ್ಲಿದೆ ಎಂದು ನೋಡಿದರೆ ಸಾಕು. ಆದರೆ ಪ್ರತಿ ಇನ್ಸರ್ಟೂ ಒಂದು ಹೊಸ ಸಂದಿ. ಆ ಸಂದಿಯ ಗೆರೆ ಕವಚದ ಮೇಲೆ ಮೂಡಬಾರದು. ಎಲ್ಲವನ್ನೂ ಬದಲಿಸಬಲ್ಲಂತೆ ಇಡಲು ಹೋದರೆ ಕೆಲಸ ಹೆಚ್ಚುತ್ತದೆ, ಅಚ್ಚು ದುರ್ಬಲವಾಗುತ್ತದೆ. ಎಲ್ಲಿ ಮನಸ್ಸು ಬದಲಿಸಲು ಅವಕಾಶ ಇಡಬೇಕು ಎಂಬ ಆಯ್ಕೆಯಲ್ಲಿ ಅನುಭವಿಗಳಿಗೂ ಹೊಸಬರಿಗೂ ಇರುವ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ಯಂತ್ರಗಳ ಕೆಲಸ ಮುಗಿದು ತುಂಡುಗಳು ಫಿಟ್ಟರ್‌ನ ಬೆಂಚಿಗೆ ಬರುತ್ತವೆ. ಕ್ಯಾವಿಟಿ ಮತ್ತು ಕೋರ್ ಮುಚ್ಚಿದಾಗ ಪಾರ್ಟಿಂಗ್ ಲೈನಿನ ಉದ್ದಕ್ಕೂ ಎಲ್ಲೂ ಸಂದಿ ಇರಕೂಡದು. ತಲೆಗೂದಲಿನ ದಪ್ಪ ಸುಮಾರು 0.07 ಮಿಲಿಮೀಟರ್; ಅದರ ಅರ್ಧದಷ್ಟು ಸಂದಿ ಇದ್ದರೂ ಕಾದ ಪ್ಲಾಸ್ಟಿಕ್ಕು ಅಲ್ಲಿಂದ ತೆಳುವಾಗಿ ನುಗ್ಗಿ ಅಂಚಿನಲ್ಲಿ ರೆಕ್ಕೆಯಂತೆ ನಿಲ್ಲುತ್ತದೆ. ಅದಕ್ಕೆ ಫ್ಲ್ಯಾಷ್ ಎನ್ನುತ್ತಾರೆ. ಇಷ್ಟು ಸಣ್ಣ ಸಂದಿಯನ್ನು ಕಣ್ಣು ಕಾಣದು. ಫಿಟ್ಟರ್ ಒಂದು ಅರ್ಧಕ್ಕೆ ನೀಲಿ ಬಣ್ಣವನ್ನು ಬೆರಳಿನಿಂದ ತೆಳ್ಳಗೆ ಸವರಿ, ಇನ್ನೊಂದು ಅರ್ಧವನ್ನು ಅದರ ಮೇಲೆ ಒತ್ತಿ ತೆಗೆಯುತ್ತಾರೆ. ನೀಲಿ ಅಂಟಿದ ಕಡೆ ಎರಡೂ ತಾಗಿವೆ, ಅಂಟದ ಕಡೆ ತಾಗಿಲ್ಲ. ತಾಗಿದ ಎತ್ತರದ ಜಾಗವನ್ನು ಕಲ್ಲಿನಿಂದ ಒಂದಿಷ್ಟು ಉಜ್ಜಿ, ಒರೆಸಿ, ಮತ್ತೆ ನೀಲಿ ಹಚ್ಚುತ್ತಾರೆ. ಗೆರೆಯ ಉದ್ದಕ್ಕೂ ನೀಲಿ ಒಂದೇ ಸಮ ಕಾಣುವವರೆಗೆ ಇದು ನಡೆಯುತ್ತದೆ. ಬ್ಲೂ ಮ್ಯಾಚಿಂಗ್ ಎಂಬ ಈ ಕೆಲಸದಲ್ಲಿ ಅವಸರ ಮಾಡುವ ಫಿಟ್ಟರ್ ಬೇಗ ಮುಗಿಸುವುದಿಲ್ಲ. ಒಂದು ಉಜ್ಜು ಹೆಚ್ಚಾದರೆ ಆ ಜಾಗ ತಗ್ಗಾಗಿ, ಅದಕ್ಕೆ ಹೊಂದಿಸಲು ಸುತ್ತಲಿನ ಗೆರೆಯನ್ನೆಲ್ಲ ಇಳಿಸಬೇಕಾಗುತ್ತದೆ.

ಅವಸರ ನಿಜವಾಗಿ ಕೆಡಿಸುವುದು ತಂಪಿನ ವ್ಯವಸ್ಥೆಯನ್ನು. ಅಚ್ಚಿನ ಉಕ್ಕಿನೊಳಗೆ ನೀರು ಹರಿಯುವ ಕಾಲುವೆಗಳಿರುತ್ತವೆ. ಸುಮಾರು 230 ಡಿಗ್ರಿಯಲ್ಲಿ ಒಳಗೆ ಬಂದ ಎಬಿಎಸ್ ಗಟ್ಟಿಯಾದ ಮೇಲೆಯೇ ಅಚ್ಚು ತೆರೆಯಬೇಕು. ಒಂದು ಕವಚ ಮಾಡುವ ಒಟ್ಟು ಸಮಯದಲ್ಲಿ ಅರ್ಧಕ್ಕಿಂತ ಹೆಚ್ಚು ಈ ತಣಿಯುವಿಕೆಗೇ ಹೋಗುತ್ತದೆ. ಗೋಡೆ ಎರಡು ಪಟ್ಟು ದಪ್ಪವಾದರೆ ತಣಿಯಲು ನಾಲ್ಕು ಪಟ್ಟು ಹೊತ್ತು ಬೇಕು. ದಿನಾಂಕ ಹತ್ತಿರ ಬಂದಾಗ, ಕಷ್ಟದ ಮೂಲೆಯೊಂದಕ್ಕೆ ನೀರಿನ ಕಾಲುವೆ ಕೊರೆಯದೆ ಬಿಟ್ಟರೆ ಎರಡು ಮೂರು ದಿನ ಉಳಿಯುತ್ತದೆ, ಪ್ಲಾಸ್ಟಿಕ್ಕು ಹೇಗೋ ತಣಿಯುತ್ತದೆ ಎನಿಸುವುದು ಸಹಜ. ಅದರಿಂದ ಪ್ರತಿ ಸಲಕ್ಕೂ ಐದು ಸೆಕೆಂಡ್ ಹೆಚ್ಚಾಯಿತು ಎಂದುಕೊಳ್ಳಿ. ಹತ್ತು ಲಕ್ಷ ಸಲ ಅಚ್ಚು ಮುಚ್ಚಿ ತೆರೆಯುವ ಹೊತ್ತಿಗೆ ಆ ಐದು ಸೆಕೆಂಡುಗಳು ಹಗಲು ರಾತ್ರಿ ಸೇರಿ 58 ದಿನಗಳಾಗುತ್ತವೆ. ಒಳ್ಳೆಯ ಟೂಲ್ ರೂಮಿನವರು ಇಲ್ಲಿ ಗಿರಾಕಿಗೆ ಸಾಧ್ಯವಿಲ್ಲ ಎಂದು ಹೇಳುತ್ತಾರೆ. ಹಾಗೆ ಹೇಳುವ ಗಟ್ಟಿತನವನ್ನು ನಾನು ಕಸುಬಿನ ಭಾಗವೆಂದೇ ಎಣಿಸುತ್ತೇನೆ.

ಆಮೇಲೆ ಟ್ರಯಲ್. ಮೊದಲ ಟ್ರಯಲ್‌ಗೆ ಟಿ-1 ಎಂದು ಹೆಸರು. ಅಚ್ಚನ್ನು ಕ್ರೇನಿನಲ್ಲಿ ಎತ್ತಿ ಮೋಲ್ಡಿಂಗ್ ಯಂತ್ರಕ್ಕೆ ಕಟ್ಟುತ್ತಾರೆ. ಒಮ್ಮೆಗೇ ಪೂರ್ತಿ ತುಂಬುವುದಿಲ್ಲ. ಮೊದಲು ಅರೆಬರೆ ತುಂಬಿ, ತೆರೆದು, ಪ್ಲಾಸ್ಟಿಕ್ಕು ಎಲ್ಲಿಯವರೆಗೆ ಹರಿಯಿತು, ಯಾವ ಕಡೆ ಮೊದಲು ಮುಟ್ಟಿತು ಎಂದು ನೋಡುತ್ತಾರೆ. ಈ ಅರೆಬರೆ ತುಂಡುಗಳಿಗೆ ಶಾರ್ಟ್ ಶಾಟ್ ಎನ್ನುತ್ತಾರೆ. ಸಾಲಾಗಿ ಜೋಡಿಸಿಟ್ಟರೆ ಕವಚ ಹುಟ್ಟುವ ಬಗೆ ಅಲ್ಲಿ ಕಾಣುತ್ತದೆ: ಗೇಟ್ ಎಂಬ ಬಾಗಿಲಿನಿಂದ ಬಂದ ಪ್ಲಾಸ್ಟಿಕ್ಕು ಗುಂಡಿಯ ರಂಧ್ರಗಳನ್ನು ಸುತ್ತುವರಿದು, ಆಚೆ ಬದಿ ಮತ್ತೆ ಕೂಡುತ್ತದೆ. ಕೂಡುವ ಹೊತ್ತಿಗೆ ತಣ್ಣಗಾಗಿದ್ದರೆ ಅಲ್ಲಿ ಬಿರುಕಿನಂಥ ಗೆರೆ. ಗೋಡೆಗೆ ಬಲ ಕೊಡುವ ಒಳಗಿನ ಏಣುಗಳ ದಪ್ಪ ಗೋಡೆಯ ದಪ್ಪದ ಅರ್ಧಕ್ಕಿಂತ ಬಹಳ ಹೆಚ್ಚಾಗಿದ್ದರೆ ಹೊರಮೈಯಲ್ಲಿ ಸಣ್ಣ ತಗ್ಗು. ಮುಚ್ಚಳದ ಒಳಮೈಯಲ್ಲಿ ಕಂಡ ಒರಟು ಚುಕ್ಕೆ ಗೇಟಿನ ಗುರುತು, ಆ ವೃತ್ತಗಳು ಕವಚವನ್ನು ಹೊರಗೆ ತಳ್ಳುವ ಎಜೆಕ್ಟರ್ ಪಿನ್ನುಗಳ ಗುರುತು. ಟಿ-1ರ ಪಟ್ಟಿಯಲ್ಲಿ ಇಪ್ಪತ್ತು ಮೂವತ್ತು ದೋಷಗಳಿದ್ದರೆ ಯಾರೂ ಗಾಬರಿಯಾಗುವುದಿಲ್ಲ. ಅವುಗಳಲ್ಲಿ ಎಷ್ಟು ಉಕ್ಕು ತೆಗೆದು ಸರಿಪಡಿಸುವಂಥವು, ಎಷ್ಟು ಸೇರಿಸಬೇಕಾದವು ಎಂದು ಎಣಿಸುತ್ತಾರೆ. ಎಲ್ಲವೂ ತೆಗೆಯುವಂಥವೇ ಆಗಿದ್ದರೆ ದಿನಾಂಕ ನಿಲ್ಲುತ್ತದೆ.

ಹೊಳಪು ಮತ್ತು ಹೊರಮೈಯ ಚರ್ಮದಂಥ ಒರಟು ವಿನ್ಯಾಸ ಬರುವುದು ತಿದ್ದುಪಡಿಗಳೆಲ್ಲ ಮುಗಿದ ಮೇಲೆ. ಹೊಳಪು ಕೊಡುವವರು ಒರಟು ಕಲ್ಲಿನಿಂದ ಶುರು ಮಾಡಿ ನಯವಾದ ಕಲ್ಲಿಗೆ, ಅಲ್ಲಿಂದ ವಜ್ರದ ಪುಡಿಯ ಪೇಸ್ಟಿಗೆ ಹೋಗುತ್ತಾರೆ. ಪ್ರತಿ ಹಂತದಲ್ಲೂ ಹಿಂದಿನ ಹಂತದ ಗೀರುಗಳೆಲ್ಲ ಅಳಿಯಬೇಕು. ಒರಟು ವಿನ್ಯಾಸವನ್ನು ಆಮ್ಲದಿಂದ ಕೆತ್ತುತ್ತಾರೆ. ಅದು 0.025 ಮಿಲಿಮೀಟರ್ ಆಳವಾದರೆ ಗೋಡೆಗೆ ಇನ್ನೊಂದು ಡಿಗ್ರಿ ಓರೆ ಬೇಕು ಎಂಬುದು ರೂಢಿಯ ಲೆಕ್ಕ. ಮೊದಲ ದಿನದ ಮೇಜಿನ ಮಾತಿನಲ್ಲಿ ಇದೂ ಇತ್ತು. ಒಮ್ಮೆ ಆಮ್ಲ ಮುಟ್ಟಿದ ಮೈಯನ್ನು ತಿದ್ದಬೇಕಾದರೆ ಪೂರ್ತಿ ಉಜ್ಜಿ ತೆಗೆದು ಮತ್ತೆ ಕೆತ್ತಬೇಕು. ಆದ್ದರಿಂದ ಹಿಂತೆಗೆದುಕೊಳ್ಳಲಾಗದ ಕೆಲಸವನ್ನು ಕೊನೆಗೆ ಇಡುತ್ತಾರೆ.

ಅಚ್ಚಿಗೆ ಕಾಯುವ ವಾರಗಳಲ್ಲಿ ಕಂಪನಿಗಳು ಸುಮ್ಮನೆ ಕೂರುವುದಿಲ್ಲ. ಚಕ್ ಹಲ್ 1984ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಸ್ಟೀರಿಯೊಲಿಥೊಗ್ರಫಿ, ಅಂದರೆ ಬೆಳಕಿಗೆ ಗಟ್ಟಿಯಾಗುವ ರಾಳದಿಂದ ಪದರ ಪದರವಾಗಿ ವಸ್ತು ಕಟ್ಟುವ ವಿಧಾನ, ಇಂದು ಎಲ್ಲರಿಗೂ ಗೊತ್ತಿರುವ ತ್ರಿಡಿ ಪ್ರಿಂಟಿಂಗ್‌ನ ಒಂದು ಬಗೆ. ಹಾಗೆ ಕಟ್ಟಿದ ಮಾದರಿಯ ಸುತ್ತ ಸಿಲಿಕೋನ್ ರಬ್ಬರ್ ಸುರಿದು ಮೆತ್ತನೆಯ ಅಚ್ಚು ಮಾಡಿದರೆ ಇಪ್ಪತ್ತರಷ್ಟು ಕವಚ ಸಿಗುತ್ತವೆ. ಅಜ್ಜಿಯ ಕೈಗೆ ಮುಚ್ಚಳ ಕೊಟ್ಟು ನೋಡಲು ಅಷ್ಟು ಸಾಕು. ಉಕ್ಕಿಗೆ ಹೋಗುವ ಮುನ್ನ ಹೀಗೆ ಕಲಿತದ್ದೆಲ್ಲ ಅಗ್ಗದ ಕಲಿಕೆ.

ವಾರಗಳನ್ನು ಉಳಿಸುವುದರಲ್ಲಿ ಜಾಗದ ಪಾಲೂ ಇದೆ. ಚೀನಾದ ಝೆಜಿಯಾಂಗ್ ಪ್ರಾಂತ್ಯದ ಹುವಾಂಗ್ಯಾನ್ ಪ್ಲಾಸ್ಟಿಕ್ ಅಚ್ಚುಗಳ ಊರೆಂದೇ ಹೆಸರಾಗಿದೆ. ಭಾರತದ ಎಷ್ಟೋ ಕಂಪನಿಗಳು ಅಚ್ಚು ಮಾಡಿಸಲು ಚೀನಾಕ್ಕೆ ಹೋಗುತ್ತವೆ. ಅಲ್ಲಿನ ವೇಗಕ್ಕೆ ದುಡಿಮೆಯ ಗಂಟೆಗಳಷ್ಟೇ ಕಾರಣ ಎಂದರೆ ಅರ್ಧ ಮಾತ್ರ ಹೇಳಿದಂತೆ. ಉಕ್ಕು ಮಾರುವವರು, ಹದ ಹಾಕುವವರು, ಮೋಲ್ಡ್ ಬೇಸ್ ಮಾಡುವವರು ಅಕ್ಕಪಕ್ಕದಲ್ಲಿದ್ದರೆ ತುಂಡು ಲಾರಿಯಲ್ಲಿ ಕಳೆಯುವ ದಿನಗಳು ಇಲ್ಲವಾಗುತ್ತವೆ. ಪೀಣ್ಯದ ರಸ್ತೆಗಳಲ್ಲೂ ಇದೇ ನಡೆಯುತ್ತದೆ. ಒಂದು ಶೆಡ್ಡಿನವರ ಬಳಿ ಮಿಲ್ಲಿಂಗ್ ಮಾತ್ರ ಇರುತ್ತದೆ. ತಂತಿಯ ಕಿಡಿಯಿಂದ ಉಕ್ಕು ಕತ್ತರಿಸುವ ವೈರ್ ಕಟ್ ಕೆಲಸ ಎರಡು ಅಡ್ಡರಸ್ತೆ ದಾಟಿ ಇನ್ನೊಬ್ಬರಲ್ಲಿ ಜಾಬ್ ವರ್ಕ್ ಆಗುತ್ತದೆ, ಹದ ಹಾಕುವುದು ಮತ್ತೊಂದು ಕಡೆ. ಸಂಜೆ ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋದ ತುಂಡು ಬೆಳಿಗ್ಗೆ ಮುಗಿದು ಬರಬಹುದು. ಒಬ್ಬರ ಕೆಲಸದ ಮೇಲೆ ಇನ್ನೊಬ್ಬರಿಗೆ ಇರುವ ನಂಬಿಕೆ ಇಲ್ಲಿ ದಿನಗಳನ್ನು ಉಳಿಸುತ್ತದೆ. ಬಂದ ತುಂಡನ್ನು ಮೊದಲಿನಿಂದ ಅಳೆಯಬೇಕಾಗಿ ಬಂದರೆ ಹತ್ತಿರವಿದ್ದೂ ಪ್ರಯೋಜನ ಕಡಿಮೆ.

ಕವಚಗಳಿಗೆ ಒಪ್ಪಿಗೆ ಬಿದ್ದ ಮೇಲೆ ಅಚ್ಚನ್ನು ತೊಳೆದು, ತುಕ್ಕು ತಡೆಯುವ ಎಣ್ಣೆ ಹಚ್ಚಿ, ಕೊನೆಯ ಟ್ರಯಲ್‌ನ ಒಂದು ಕವಚವನ್ನು ಜೊತೆಗಿಟ್ಟು ಮೋಲ್ಡಿಂಗ್ ಕಾರ್ಖಾನೆಗೆ ಕಳಿಸುತ್ತಾರೆ. ಮುಂದೆ ಅಚ್ಚು ದುರಸ್ತಿಗೆ ಬಂದಾಗಲೆಲ್ಲ ಹೊಸ ಕವಚವನ್ನು ಈ ಹಳೆಯ ಕವಚದ ಪಕ್ಕ ಇಟ್ಟು ಎಲ್ಲಿ ಸವೆದಿದೆ ಎಂದು ನೋಡುತ್ತಾರೆ. ಅಚ್ಚಿನ ಬದಲಾವಣೆಗಳ ದಾಖಲೆಯಲ್ಲಿ ಎಲ್ಲಿ ಎಷ್ಟು ಉಕ್ಕು ತೆಗೆದಾಯಿತು, ಎಲ್ಲಿ ಇನ್ನೆಷ್ಟು ಉಳಿದಿದೆ ಎಂದು ಬರೆದಿರುತ್ತಾರೆ. ಮಾರುಕಟ್ಟೆಗೆ ಹೋದ ರಿಮೋಟಿನ ಬಗ್ಗೆ ದೂರು ಬಂದು, ಆರು ತಿಂಗಳ ಮೇಲೆ ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡಬೇಕಾಗಿ ಬಂದರೆ ಟೂಲ್‌ಮೇಕರ್ ಮೊದಲು ತೆರೆಯುವುದು ಆ ಪುಟವನ್ನು.